ಎಕ್ಸೆಲ್ ಪಟ್ಟಿಯನ್ನು ಡೇಟಾಬೇಸಿಗೆ ಸುರಿಯುವ ಮುನ್ನ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಿಗೆ ವಯಸ್ಸಾಗಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಇಂಥ ಊರಿನಲ್ಲಿ ಸದಸ್ಯರ ಪಟ್ಟಿ ಲೆಡ್ಜರಿನಿಂದ ಎಕ್ಸೆಲ್‌ಗೆ, ಅಲ್ಲಿಂದ ಸಾಫ್ಟ್‌ವೇರ್‌ಗೆ ಕೈದಾಟುತ್ತ ಬಂದಿರುತ್ತದೆ. ಈಗಲೂ ಡೊಂಬಿವಲಿಯವರದೊಂದು ಶೀಟು, ಮೀರಾ ರೋಡಿನವರದೊಂದು ಶೀಟು ವಾಟ್ಸಾಪ್‌ನಲ್ಲಿ ಬರುತ್ತವೆ, ಜೊತೆಗೆ "ಇದನ್ನೂ ಸೇರಿಸಿಬಿಡಿ ಮಾರಾಯ್ರೆ" ಎಂಬ ಒಂದು ಸಾಲು. ಸೇರಿಸುವುದು ಐದು ನಿಮಿಷದ ಕೆಲಸ. ತಪ್ಪಾಗಿ ಸೇರಿದ್ದನ್ನು ಬಿಡಿಸಲು ತಿಂಗಳೂ ಸಾಲದು.

ಮೊದಲು ಡೇಟಾಬೇಸಿನ ಬ್ಯಾಕಪ್ ತೆಗೆಯಿರಿ. ತೆಗೆದರೆ ಸಾಲದು, ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಮರುಸ್ಥಾಪಿಸಿ, ದಾಖಲೆಗಳ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ. ಬಂದ ಶೀಟಿನ ಮೂಲ ಪ್ರತಿಯನ್ನು ಮುಟ್ಟದೆ ಬದಿಗಿಟ್ಟು, ನಕಲಿನ ಮೇಲೆ ಕೆಲಸ ಮಾಡಿ.

ಇನ್ನು ಶೀಟಿನ ತಪಾಸಣೆ. ಎಕ್ಸೆಲ್ ಕೇಳದೆಯೇ ಸಹಾಯ ಮಾಡಲು ಬರುತ್ತದೆ, ತೊಂದರೆ ಅದೇ. ಚಾಳಿನ ಖೋಲಿ ನಂಬರು 3/12 ಎಂದು ಟೈಪ್ ಮಾಡಿದರೆ ಅದು ಡಿಸೆಂಬರ್ 3 ಆಗಿಬಿಡುತ್ತದೆ. ಕಂಪ್ಯೂಟರಿನಲ್ಲಿ ಅಮೆರಿಕದ ದಿನಾಂಕ ಕ್ರಮ ಇದ್ದರೆ ಮಾರ್ಚ್ 12! ಒಳಗೆ ಉಳಿಯುವುದು ದಿನಾಂಕ ಮಾತ್ರ, ಖೋಲಿ ನಂಬರು ಹೋಯಿತು. 022ರಿಂದ ಶುರುವಾಗುವ ಫೋನಿನ ಮುಂದಿನ ಸೊನ್ನೆ ಮಾಯ. 91 ಸೇರಿಸಿದ ಹನ್ನೆರಡು ಅಂಕಿಯ ಮೊಬೈಲ್ ನಂಬರು 9.19ಇ+11 ಎಂದು ಕಾಣುತ್ತದೆ, ಹಾಗೆ ಕಾಣುವಾಗಲೇ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಉಳಿದ ಅಂಕಿಗಳೂ ಗಾಳಿಗೆ. ಆದ್ದರಿಂದ ವಿಳಾಸ, ಫೋನ್, ಪಿನ್‌ಕೋಡ್, ಸದಸ್ಯತ್ವ ಸಂಖ್ಯೆಗಳ ಕಾಲಂಗಳನ್ನು ತುಂಬುವ ಮೊದಲೇ ಟೆಕ್ಸ್ಟ್ ಮಾಡಿಸಿ.

ಹಳೆಯ ವಿಳಾಸಗಳಲ್ಲಿ "ಮುಂಬಯಿ-19" ಎಂದಷ್ಟೇ ಇರುತ್ತದೆ. ಅದು ಮಾಟುಂಗಾದ 400019. ಏಳೇ ಅಂಕಿಯ ಲ್ಯಾಂಡ್‌ಲೈನ್ ಸಿಕ್ಕರೆ, ಎಂಟಿಎನ್ಎಲ್ ಮುಂದೆ 2 ಸೇರಿಸಿ ಎಂಟು ಅಂಕಿ ಮಾಡುವುದಕ್ಕೂ ಮೊದಲಿನ ಮಾಹಿತಿ ಅದು ಎಂದು ತಿಳಿಯಿರಿ. ಅಂಥ ಸಾಲಿನಲ್ಲಿ ಉಳಿದದ್ದನ್ನೂ ನಂಬಬೇಡಿ. ಕನ್ನಡ ಹೆಸರುಗಳು ನುಡಿ, ಶ್ರೀಲಿಪಿಯ ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಬದಲಿಸಿ, "ಸಿಎಸ್‌ವಿ ಯುಟಿಎಫ್-8" ಆಯ್ಕೆಯಲ್ಲೇ ಸೇವ್ ಮಾಡಿ. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕುಳಿತಿರುತ್ತದೆ.

ಹಳೆಯ ಎಕ್ಸ್‌ಎಲ್‌ಎಸ್ ಫೈಲಿಗೆ 65,536 ಸಾಲುಗಳ ಮಿತಿಯಿದೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಈ ಮಿತಿಗೆ ಸಿಕ್ಕಿ 15,841 ಕೋವಿಡ್ ಪ್ರಕರಣಗಳನ್ನು ಸಮಯಕ್ಕೆ ದಾಖಲಿಸಲಾಗದೆ ಪೇಚಿಗೆ ಬಿತ್ತು. ನಮ್ಮ ಸಂಘಗಳ ಪಟ್ಟಿ ಅಷ್ಟು ದೊಡ್ಡದಲ್ಲ ನಿಜ, ಆದರೂ ಶೀಟಿನಲ್ಲಿರುವ ಸಾಲುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಶೀಟನ್ನು ನೇರವಾಗಿ ಸದಸ್ಯರ ಟೇಬಲ್ಲಿಗೆ ಹಾಕದೆ, ಅದೇ ಡೇಟಾಬೇಸಿನಲ್ಲಿ ಬೇರೊಂದು ತಾತ್ಕಾಲಿಕ ಟೇಬಲ್ಲಿಗೆ ಇಳಿಸಿ. ಆಕ್ಸೆಸ್ ಇರಲಿ, ಮೈಎಸ್‌ಕ್ಯೂಎಲ್ ಇರಲಿ, ಈ ಒಂದು ಹೆಜ್ಜೆ ತಪ್ಪಿಸಬೇಡಿ. ಹೊಂದಾಣಿಕೆಯೆಲ್ಲ ಇಲ್ಲೇ ನಡೆಯಲಿ.

ಹೊಂದಾಣಿಕೆಯೇ ನಿಜವಾದ ಕಷ್ಟ. ಹೆಸರನ್ನು ನಂಬಿ ಕೆಟ್ಟವರೇ ಹೆಚ್ಚು. ಹಳೆಯ ಪಟ್ಟಿಯ ಎಸ್. ಎನ್. ಶೆಟ್ಟಿ, ಮಹಾರಾಷ್ಟ್ರದ ಪದ್ಧತಿಯಂತೆ ತಂದೆಯ ಹೆಸರು ನಡುವೆ ಬಂದು ಹೊಸ ಶೀಟಿನಲ್ಲಿ ಸುರೇಶ್ ನಾರಾಯಣ ಶೆಟ್ಟಿ ಆಗಿರುತ್ತಾರೆ. ಪೂಜಾರಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ‘ಓ’ ಹಾಕುವವರಿದ್ದಾರೆ, ಒಂದೇ ‘ಯು’ ಹಾಕುವವರಿದ್ದಾರೆ, ಕೊನೆಗೆ ‘ವೈ’ ಇಡುವವರೂ ಇದ್ದಾರೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಸದಸ್ಯತ್ವ ಸಂಖ್ಯೆ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲವೆಂದರೆ ಮೊಬೈಲಿನ ಕೊನೆಯ ಹತ್ತು ಅಂಕಿ ಮತ್ತು ಹುಟ್ಟಿದ ದಿನಾಂಕ, ಎರಡೂ ಕೂಡಬೇಕು. ಮೊಬೈಲ್ ಒಂದೇ ಸಾಲದು, ಯಾಕೆಂದರೆ ಗಂಡ, ಹೆಂಡತಿ, ಮಗ ಮೂವರೂ ಒಂದೇ ನಂಬರು ಕೊಟ್ಟಿರುತ್ತಾರೆ. ಖಚಿತವಾಗಿ ಅವರೇ, ಖಚಿತವಾಗಿ ಹೊಸಬರು, ಅನುಮಾನ ಎಂದು ಮೂರು ಪಾಲು ಮಾಡಿ. ಅನುಮಾನದ ಪಾಲನ್ನು ಪ್ರಿಂಟ್ ತೆಗೆದು ಎಲ್ಲರನ್ನೂ ಬಲ್ಲ ಹಿರಿಯ ಸದಸ್ಯರೊಬ್ಬರ ಮುಂದಿಡಿ. ಯಾವ ಸಾಫ್ಟ್‌ವೇರೂ ಅವರಷ್ಟು ಚೆನ್ನಾಗಿ ಹೇಳಲಾರದು.

ಅವರೇ ಎಂದು ಖಚಿತವಾದವರ ಮಾಹಿತಿ ತಿದ್ದುವಾಗ ಒಂದು ನಿಯಮ: ಹೊಸ ಶೀಟಿನ ಖಾಲಿ ಜಾಗ ಹಳೆಯ ಮಾಹಿತಿಯನ್ನು ಅಳಿಸಕೂಡದು. ವಿಳಾಸದಂಥ ಕಾಲಂಗಳನ್ನು ಬದಲಿಸುವ ಮುನ್ನ ಹಳೆಯದನ್ನು ಬೇರೆಡೆ ಉಳಿಸಿಡಿ.

ಕೊನೆಗೆ ಸೇರ್ಪಡೆ. ಅದನ್ನು ಟ್ರಾನ್ಸಾಕ್ಷನ್ ಒಳಗೆ ಮಾಡಿ, ಸೇರಿದ ಮತ್ತು ತಿದ್ದಿದ ಸಾಲುಗಳ ಜೊತೆ ಅನುಮಾನಕ್ಕೆ ಬಿಟ್ಟವನ್ನೂ ಕೂಡಿಸಿ. ಮೊದಲು ಬರೆದಿಟ್ಟ ಲೆಕ್ಕಕ್ಕೆ ತಾಳೆಯಾದರೆ ಕಮಿಟ್, ಇಲ್ಲವಾದರೆ ರೋಲ್‌ಬ್ಯಾಕ್. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಟೇಬಲ್ಲುಗಳಲ್ಲಿ ರೋಲ್‌ಬ್ಯಾಕ್ ನಡೆಯುವುದಿಲ್ಲ, ನಿಮ್ಮ ಟೇಬಲ್ಲು ಇನ್ನೋಡಿಬಿ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸೇರಿದ ಪ್ರತಿ ಸಾಲಿನಲ್ಲೂ ಯಾವ ಶೀಟಿನಿಂದ, ಯಾವ ದಿನ ಬಂತು ಎಂಬ ಗುರುತಿರಲಿ.

ಜನರ ಫೋನು, ಹುಟ್ಟಿದ ದಿನಾಂಕ ತುಂಬಿದ ಶೀಟು ವಾಟ್ಸಾಪ್ ಗುಂಪಿನಲ್ಲೇ ಬಿದ್ದಿರುವುದು ಸರಿಯಲ್ಲ. ವೈಯಕ್ತಿಕ ಡಿಜಿಟಲ್ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಕಾಯ್ದೆ ಬಂದಿದೆ. ಬದಿಗಿಟ್ಟ ಮೂಲ ಪ್ರತಿಗೆ ಪಾಸ್‌ವರ್ಡ್ ಹಾಕಿ, ಉಳಿದ ಪ್ರತಿಗಳನ್ನು ಅಳಿಸಿ. ಕಳಿಸಿದವರಿಗೂ ಅಳಿಸಲು ಹೇಳಿ.