ಹಾಯಿದೋಣಿಯಲ್ಲಿ ಕಿಲ್ತಾನ್ ದ್ವೀಪಕ್ಕೆ: ಮೊದಲ ಕಡಲಯಾನದ ಲೆಕ್ಕಾಚಾರ

ಮಂಗಳೂರಿನ ಸಮುದ್ರತೀರದಲ್ಲಿ ನಿಂತು ನೈರುತ್ಯ ದಿಕ್ಕನ್ನು ನೋಡಿದರೆ ನೀರಲ್ಲದೆ ಬೇರೇನೂ ಕಾಣುವುದಿಲ್ಲ. ಆದರೆ ಆ ದಿಕ್ಕಿನಲ್ಲಿಯೇ ಸುಮಾರು ೨೫೦ ಕಿಲೋಮೀಟರು ದೂರದಲ್ಲಿ, ಲಕ್ಷದ್ವೀಪಗಳ ಗುಂಪಿಗೆ ಸೇರಿದ ಕಿಲ್ತಾನ್ ಎಂಬ ಪುಟ್ಟ ಹವಳದ ದ್ವೀಪವಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಈ ಉತ್ತರದ ದ್ವೀಪಗಳಿಗೂ ನಮ್ಮ ಕರಾವಳಿಗೂ ಹಳೆಯ ನಂಟುಂಟು. ೧೭೮೭ರಲ್ಲಿ ಇವು ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. ೧೭೯೯ರ ತರುವಾಯ ಇಂಗ್ಲಿಷರ ಕೈಸೇರಿ, ೧೯೫೬ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ದ್ವೀಪವಾಸಿಗಳು ‘ಓಡಂ’ ಎಂಬ ಹಾಯಿಹಡಗುಗಳಲ್ಲಿ ತೆಂಗಿನ ನಾರನ್ನೂ ಕೊಬ್ಬರಿಯನ್ನೂ ತುಂಬಿಕೊಂಡು ಮಂಗಳೂರಿಗೆ ಬಂದು, ಅಕ್ಕಿ ಮೊದಲಾದ ಸಾಮಗ್ರಿಗಳನ್ನು ಕೊಂಡೊಯ್ಯುತ್ತಿದ್ದರು.

ಏಳು ಮೀಟರು ಉದ್ದದ ಒಂದು ಹಾಯಿದೋಣಿಯಲ್ಲಿ ಮೂವರು ತರುಣರು ಮೊದಲ ಬಾರಿಗೆ ಈ ದಾರಿಯನ್ನು ಹಿಡಿಯಬೇಕೆಂದಿದ್ದಾರೆಂದು ಭಾವಿಸೋಣ. ಹಾಯಿ ಕಟ್ಟುವುದನ್ನೂ ಚುಕ್ಕಾಣಿ ಹಿಡಿಯುವುದನ್ನೂ ಅವರು ತೀರದ ಸಮೀಪದಲ್ಲಿ ಚೆನ್ನಾಗಿ ಕಲಿತಿದ್ದಾರೆ. ನೆಲ ಕಣ್ಮರೆಯಾದ ಮೇಲೆ ಅವರಿಗೆ ಬೇಕಾದ ವಿದ್ಯೆ ಯಾವುದು? ಹೆಚ್ಚಿನದೇನೂ ಅಲ್ಲ, ಪ್ರೌಢಶಾಲೆಯ ತ್ರಿಕೋನಮಿತಿ ಮತ್ತು ಸ್ವಲ್ಪ ಭೌತವಿಜ್ಞಾನ, ಇಷ್ಟೆ. ಆದರೆ ಅದನ್ನು ಪ್ರಾಮಾಣಿಕವಾಗಿ ಬಳಸಬೇಕು. ಹೇಗೆಂಬುದನ್ನು ಕ್ರಮವಾಗಿ ವಿಚಾರಿಸೋಣ.

ದ್ವೀಪ ಎಷ್ಟು ದೂರಕ್ಕೆ ಕಾಣುತ್ತದೆ?

ಕಿಲ್ತಾನ್ ದ್ವೀಪದ ಉದ್ದ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಅಗಲ ಅದಕ್ಕಿಂತ ಬಹಳ ಕಡಿಮೆ. ಮಂಗಳೂರಿನಿಂದ ಅಳೆದರೆ ಅದು ದಿಗಂತದಲ್ಲಿ ಒಂದು ಡಿಗ್ರಿಯಷ್ಟು ಜಾಗವನ್ನೂ ತುಂಬುವುದಿಲ್ಲ. ಎತ್ತರವೂ ಅಷ್ಟಕ್ಕಷ್ಟೆ. ಹವಳದ ನೆಲ ನೀರಿನಿಂದ ಕೆಲವೇ ಮೀಟರು ಮೇಲಿದೆ. ದೂರದಿಂದ ಕಾಣುವುದು ತೆಂಗಿನ ಮರಗಳ ತಲೆ ಮಾತ್ರ.

ಭೂಮಿ ಗುಂಡಗಿರುವುದರಿಂದ ನಮ್ಮ ನೋಟಕ್ಕೆ ಒಂದು ಮಿತಿಯುಂಟು. ಮೀಟರುಗಳಲ್ಲಿ ಅಳೆದ ಎತ್ತರದ ವರ್ಗಮೂಲವನ್ನು ೨.೦೮ರಿಂದ ಗುಣಿಸಿದರೆ, ಆ ಎತ್ತರದಿಂದ ದಿಗಂತಕ್ಕಿರುವ ದೂರವು ನಾವಿಕ ಮೈಲಿಗಳಲ್ಲಿ ಬರುತ್ತದೆ. (ಒಂದು ನಾವಿಕ ಮೈಲಿಯೆಂದರೆ ೧,೮೫೨ ಮೀಟರು, ಅಂದರೆ ಅಕ್ಷಾಂಶದ ಒಂದು ಮಿನಿಟು. ಗಂಟೆಗೆ ಒಂದು ನಾವಿಕ ಮೈಲಿಯ ವೇಗಕ್ಕೆ ಒಂದು ನಾಟ್ ಎಂದು ಹೆಸರು. ಮುಂದೆ ಮೈಲಿ ಎಂದಲ್ಲೆಲ್ಲ ನಾವಿಕ ಮೈಲಿಯೆಂದೇ ತಿಳಿಯಬೇಕು.) ದೋಣಿಯಲ್ಲಿ ಕುಳಿತವನ ಕಣ್ಣು ನೀರಿನಿಂದ ಎರಡು ಮೀಟರು ಮೇಲಿದ್ದರೆ ಅವನ ದಿಗಂತ ಸುಮಾರು ೩ ಮೈಲಿ. ತೆಂಗಿನ ತಲೆಗಳು ೧೮ ಮೀಟರು ಎತ್ತರದಲ್ಲಿದ್ದರೆ ಅವುಗಳ ದಿಗಂತ ಸುಮಾರು ೯ ಮೈಲಿ. ಎರಡನ್ನೂ ಕೂಡಿಸಿದರೆ ೧೨ ಮೈಲಿ. ಆಕಾಶ ಎಷ್ಟೇ ನಿರ್ಮಲವಾಗಿದ್ದರೂ ಅದಕ್ಕಿಂತ ದೂರದಲ್ಲಿ ಹಾದುಹೋದವನಿಗೆ ಕಿಲ್ತಾನ್ ಇದ್ದೂ ಇಲ್ಲದಂತೆಯೇ.

ಹಿಂದಿರುಗುವ ದಾರಿಯಲ್ಲಿ ಇಂಥ ಭಯವಿಲ್ಲ. ಪಶ್ಚಿಮ ಘಟ್ಟಗಳ ಸಾಲು ನೂರಾರು ಕಿಲೋಮೀಟರು ಉದ್ದಕ್ಕೆ ಹಬ್ಬಿದೆ. ಕುದುರೆಮುಖದ ಶಿಖರ ಸುಮಾರು ೧,೮೯೦ ಮೀಟರು ಎತ್ತರವಾಗಿದೆ. ಪೂರ್ವಕ್ಕೆ ಹೊರಟವನು ಎಲ್ಲಿಯಾದರೂ ನೆಲವನ್ನು ಮುಟ್ಟಿಯೇ ಮುಟ್ಟುತ್ತಾನೆ. ಪಶ್ಚಿಮಕ್ಕೆ ಹೊರಟವನು ದ್ವೀಪಗಳನ್ನು ತಪ್ಪಿಸಿಕೊಂಡರೆ ಮುಂದೆ ಇರುವುದು ಅರಬ್ಬೀ ಸಮುದ್ರ.

ದೂರ, ದಿಕ್ಕು, ವೇಗ

ಮಂಗಳೂರು ೧೨ ಡಿಗ್ರಿ ೫೨ ಮಿನಿಟು ಉತ್ತರ ಅಕ್ಷಾಂಶದಲ್ಲಿಯೂ ೭೪ ಡಿಗ್ರಿ ೫೦ ಮಿನಿಟು ಪೂರ್ವ ರೇಖಾಂಶದಲ್ಲಿಯೂ ಇದೆ. ಕಿಲ್ತಾನಿನದು ೧೧ ಡಿಗ್ರಿ ೨೯ ಮಿನಿಟು ಮತ್ತು ೭೩ ಡಿಗ್ರಿ. ಅಕ್ಷಾಂಶಗಳ ವ್ಯತ್ಯಾಸ ೮೩ ಮಿನಿಟು. ಆದುದರಿಂದ ದಕ್ಷಿಣಕ್ಕೆ ೮೩ ಮೈಲಿ ಹೋಗಬೇಕು. ರೇಖಾಂಶಗಳ ವ್ಯತ್ಯಾಸ ೧೧೦ ಮಿನಿಟು. ಅದನ್ನು ಅಕ್ಷಾಂಶದ ಕೊಸೈನಿನಿಂದ ಗುಣಿಸಿದರೆ ಪಶ್ಚಿಮಕ್ಕೆ ಸುಮಾರು ೧೦೭ ಮೈಲಿ. ಪೈಥಾಗೊರಸನ ಪ್ರಮೇಯದಂತೆ ಒಟ್ಟು ದೂರ ೧೩೬ ಮೈಲಿ. ದಿಕ್ಕು, ಉತ್ತರದಿಂದ ಬಲಕ್ಕೆ ಎಣಿಸಿದರೆ, ೨೩೨ ಡಿಗ್ರಿ.

ವೇಗಕ್ಕೂ ಪ್ರಕೃತಿಯೇ ಮಿತಿಯನ್ನು ಇಟ್ಟಿದೆ. ದೋಣಿ ತಾನೇ ಎಬ್ಬಿಸುವ ಅಲೆಯ ಉದ್ದ ದೋಣಿಯ ಜಲರೇಖೆಯ ಉದ್ದಕ್ಕೆ ಸಮನಾದಾಗ, ಅದು ತನ್ನ ಅಲೆಯ ತಗ್ಗಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಜಲರೇಖೆ ಆರು ಮೀಟರು ಇದ್ದರೆ ಈ ಮಿತಿ ಸುಮಾರು ೬ ನಾಟ್. ಗಾಳಿ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವುದರಿಂದ ಸರಾಸರಿ ೪ ನಾಟ್ ಎಂದು ಹಿಡಿಯುವುದು ವಿವೇಕ. ವೇಗವನ್ನು ಅಳೆಯಲು ಸುಲಭವಾದ ಉಪಾಯವೊಂದುಂಟು. ಮರದ ಚೂರೊಂದನ್ನು ಮೂತಿಯ ಬಳಿ ನೀರಿಗೆಸೆದು, ಅದು ಹಿಂಭಾಗವನ್ನು ದಾಟುವ ಹೊತ್ತನ್ನು ಗಡಿಯಾರದಲ್ಲಿ ನೋಡಬೇಕು. ಏಳು ಮೀಟರಿನ ದೋಣಿಗೆ ೩.೪ ಸೆಕೆಂಡು ಹಿಡಿದರೆ ವೇಗ ೪ ನಾಟ್. ಇಲ್ಲಿ ಅರ್ಧ ಸೆಕೆಂಡು ತಪ್ಪಿದರೂ ವೇಗದಲ್ಲಿ ನೂರಕ್ಕೆ ಹದಿನೈದರಷ್ಟು ತಪ್ಪು ಬರುತ್ತದೆ. ಆದಕಾರಣ ಹತ್ತು ಬಾರಿ ಅಳೆದು ಸರಾಸರಿ ತೆಗೆಯತಕ್ಕದ್ದು.

ದಿಕ್ಸೂಚಿಯ ವಿಷಯದಲ್ಲಿಯೂ ಎಚ್ಚರ ಬೇಕು. ನಾವೇ ಒಮ್ಮೆ ತೀರದಿಂದ ಏಳೆಂಟು ಮೈಲಿ ಹೋಗಿದ್ದಾಗ ಬೆಟ್ಟಗಳೆಲ್ಲ ತಮ್ಮ ಸ್ಥಾನವನ್ನು ಬಿಟ್ಟು ಸರಿದಂತೆ ತೋರಿತು. ಹುಡುಕಿ ನೋಡಿದರೆ, ತೆಂಗಿನಕಾಯಿ ಒಡೆದ ಕತ್ತಿಯನ್ನು ಯಾರೋ ದಿಕ್ಸೂಚಿಯ ಪಕ್ಕದಲ್ಲಿ ಇಟ್ಟಿದ್ದರು! ಕತ್ತಿಯನ್ನು ತೆಗೆದೊಡನೆ ಮುಳ್ಳು ಎಂಟು ಡಿಗ್ರಿ ತಿರುಗಿತು. ೧೩೬ ಮೈಲಿಯ ದಾರಿಯಲ್ಲಿ ಎಂಟು ಡಿಗ್ರಿಯ ತಪ್ಪೆಂದರೆ ೧೯ ಮೈಲಿ. ಬೆಟ್ಟಗಳು ಕಾಣುತ್ತಿದ್ದುದರಿಂದ ನಮಗೆ ತಪ್ಪು ತಿಳಿಯಿತು; ನಡುಗಡಲಲ್ಲಿ ಹಾಗೆ ತಿಳಿಸಿಕೊಡುವವರಿಲ್ಲ.

ಕಾಣದ ಪ್ರವಾಹ

ದೋಣಿ ನೀರಿನಲ್ಲಿ ಚಲಿಸುತ್ತದೆ, ನೀರೂ ಚಲಿಸುತ್ತದೆ. ನೆಲ ಕಾಣದ ಕಡೆ ಈ ಎರಡನೆಯ ಚಲನೆ ಕಣ್ಣಿಗೆ ಗೋಚರವಾಗದು. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ಉತ್ತರಾಭಿಮುಖವಾಗಿ ಹರಿಯುತ್ತದೆ, ಮುಂಗಾರಿನಲ್ಲಿ ದಕ್ಷಿಣಾಭಿಮುಖವಾಗುತ್ತದೆ. ಅದರ ವೇಗ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ಲೆಕ್ಕಕ್ಕಾಗಿ ಅರ್ಧ ನಾಟ್ ಎಂದೂ, ದಿಕ್ಕು ಉತ್ತರಕ್ಕಿಂತ ೨೦ ಡಿಗ್ರಿ ಪಶ್ಚಿಮವೆಂದೂ ಇಟ್ಟುಕೊಳ್ಳೋಣ.

ಅರ್ಧ ನಾಟ್ ಎಂದರೆ ಮನುಷ್ಯನ ನಡಿಗೆಯ ವೇಗಕ್ಕಿಂತಲೂ ಎಷ್ಟೋ ಕಡಿಮೆ. ಆದರೆ ೪ ನಾಟ್ ವೇಗದಲ್ಲಿ ೧೩೬ ಮೈಲಿ ಹೋಗಲು ೩೪ ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ ಈ ಪ್ರವಾಹವು ದೋಣಿಯನ್ನು ದಾರಿಯಿಂದ ಬಲಕ್ಕೆ ಸುಮಾರು ೧೬ ಮೈಲಿ ತಳ್ಳುತ್ತದೆ. ದ್ವೀಪ ಕಾಣುವುದು ೧೨ ಮೈಲಿಯೊಳಗೆ ಮಾತ್ರವಷ್ಟೆ. ಅಂದಮೇಲೆ ದಿಕ್ಸೂಚಿಯನ್ನು ಅಣುಮಾತ್ರವೂ ತಪ್ಪದೆ ಅನುಸರಿಸಿದವನೂ ಕಿಲ್ತಾನನ್ನು ಕಾಣದೆ ಮುಂದೆ ಸಾಗುತ್ತಾನೆ.

ಪರಿಹಾರ ಸರಳವಾಗಿದೆ. ವೇಗವು ಸದಿಶ ಪರಿಮಾಣ; ದೋಣಿಯ ವೇಗವನ್ನೂ ಪ್ರವಾಹದ ವೇಗವನ್ನೂ ತ್ರಿಕೋನದ ಎರಡು ಭುಜಗಳಾಗಿ ಬರೆದರೆ ಮೂರನೆಯ ಭುಜವೇ ನಿಜವಾದ ದಾರಿ. ಆ ದಾರಿ ೨೩೨ ಡಿಗ್ರಿಯಲ್ಲಿ ಬೀಳಬೇಕಾದರೆ ಮೂತಿಯನ್ನು ೭ ಡಿಗ್ರಿ ಎಡಕ್ಕೆ, ಅಂದರೆ ೨೨೫ ಡಿಗ್ರಿಗೆ, ತಿರುಗಿಸಿ ನಡೆಸಬೇಕು. ಪ್ರವಾಹ ಸ್ವಲ್ಪ ಎದುರಾಗಿಯೂ ಇರುವುದರಿಂದ ನಿಜವಾದ ಮುನ್ನಡೆ ೩.೮ ನಾಟ್ ಆಗಿ, ಪ್ರಯಾಣಕ್ಕೆ ಸುಮಾರು ೩೬ ಗಂಟೆ ಹಿಡಿಯುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ತೀರದ ದೀಪಸ್ತಂಭವನ್ನು ಹಿಂದಿರುಗಿ ನೋಡಿ ಅದರ ದಿಕ್ಕನ್ನು ಗುರುತಿಸುತ್ತಿದ್ದರೆ, ಪ್ರವಾಹದ ಬಗ್ಗೆ ನಾವು ಊಹಿಸಿದ್ದು ನಿಜವೇ ಅಲ್ಲವೇ ಎಂಬುದೂ ತಿಳಿಯುತ್ತದೆ.

ತಪ್ಪಿನ ಅಳತೆ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ವಿದ್ಯಾರ್ಥಿಯು ಉತ್ತರದ ಕೆಳಗೆ ಗೆರೆ ಎಳೆದು ಪುಸ್ತಕವನ್ನು ಮುಚ್ಚುತ್ತಾನೆ. ನಾವಿಕನಿಗೆ ಅದು ಸಾಲದು. ತನ್ನ ಉತ್ತರ ಎಷ್ಟರಮಟ್ಟಿಗೆ ತಪ್ಪಿರಬಹುದೆಂಬುದನ್ನೂ ಅವನು ಲೆಕ್ಕ ಹಾಕಬೇಕು. ಚುಕ್ಕಾಣಿ ಹಿಡಿದವನು ಸರಾಸರಿ ೩ ಡಿಗ್ರಿ ತಪ್ಪಿದರೆ ಕೊನೆಯಲ್ಲಿ ೭ ಮೈಲಿ. ಪ್ರವಾಹದ ಊಹೆಯಲ್ಲಿ ಕಾಲು ನಾಟ್ ತಪ್ಪಿದ್ದರೆ ೩೬ ಗಂಟೆಗಳಲ್ಲಿ ೯ ಮೈಲಿ. ಇವು ಒಂದನ್ನೊಂದು ಅವಲಂಬಿಸಿಲ್ಲವಾದ್ದರಿಂದ ವರ್ಗಗಳನ್ನು ಕೂಡಿಸಿ ಮೂಲ ತೆಗೆದರೆ ಅಡ್ಡಲಾಗಿ ಸುಮಾರು ೧೧ ಮೈಲಿ. ನೋಟದ ಮಿತಿ ೧೨. ತಪ್ಪಿನ ಮಿತಿ ೧೧. ಅಂತರ ಒಂದೇ ಮೈಲಿ! ತುಸು ಮಂಜು ಮುಸುಕಿದರೆ ಅದೂ ಇಲ್ಲ.

ಇಲ್ಲಿ ಭೂಪಟ ನಮ್ಮ ನೆರವಿಗೆ ಬರುತ್ತದೆ. ಕಿಲ್ತಾನ್ ಒಂಟಿಯಾಗಿಲ್ಲ. ಅದರ ವಾಯವ್ಯಕ್ಕೆ ಸುಮಾರು ೨೦ ಮೈಲಿ ದೂರದಲ್ಲಿ ಚೆಟ್ಲತ್, ನೈರುತ್ಯಕ್ಕೆ ಹೆಚ್ಚುಕಡಮೆ ಅಷ್ಟೇ ದೂರದಲ್ಲಿ ಕಡಮತ್, ಅದರಾಚೆ ಅಮಿನಿ. ಪ್ರತಿಯೊಂದರ ಸುತ್ತಲೂ ೧೨ ಮೈಲಿಯ ವೃತ್ತ ಎಳೆದು ನೋಡಿದರೆ, ನಮ್ಮ ದಾರಿಗೆ ಅಡ್ಡವಾಗಿ ಸುಮಾರು ೫೦ ಮೈಲಿ ಅಗಲದ, ಸಂದಿಲ್ಲದ ಬೇಲಿಯೊಂದು ಸಿದ್ಧವಾಗುತ್ತದೆ. ಆ ಬೇಲಿಯ ನಡು ಕಿಲ್ತಾನಿಗಿಂತ ಸುಮಾರು ೬ ಮೈಲಿ ಬಲಕ್ಕಿದೆ. ಆದುದರಿಂದ ಜಾಣ ನಾವಿಕನು ಕಿಲ್ತಾನಿಗೆ ನೇರವಾಗಿ ಗುರಿಯಿಡದೆ ಆ ನಡುವಿಗೆ ಗುರಿಯಿಡುತ್ತಾನೆ. ೧೧ ಮೈಲಿ ಎತ್ತ ತಪ್ಪಿದರೂ ಬೇಲಿಯ ಹೊರಗೆ ಹೋಗುವ ಭಯವಿಲ್ಲ. ಆದರೆ ಕಂಡ ದ್ವೀಪ ಯಾವುದೆಂದು ಗುರುತಿಸುವ ಹೊಣೆ ಉಳಿಯುತ್ತದೆ. ದೂರದಿಂದ ಎಲ್ಲ ದ್ವೀಪಗಳೂ ಒಂದೇ ತೆರನಾದ ತೆಂಗಿನ ಸಾಲುಗಳು. ರಾತ್ರಿಯಾದರೆ ದೀಪಸ್ತಂಭದ ಮಿನುಗಿನ ಕ್ರಮದಿಂದ, ಹಗಲಾದರೆ ಅಕ್ಷಾಂಶದಿಂದ ಗುರುತಿಸಬಹುದು.

ಅಕ್ಷಾಂಶವನ್ನು ತಿಳಿಯಲು ಹಿಂದಿನವರು ಧ್ರುವನಕ್ಷತ್ರವನ್ನು ಆಶ್ರಯಿಸಿದ್ದರು. ಗಂಟುಗಳಿದ್ದ ದಾರಕ್ಕೆ ಕಟ್ಟಿದ ಸಣ್ಣ ಹಲಗೆಯಿಂದ, ದಿಗಂತಕ್ಕಿಂತ ನಕ್ಷತ್ರ ಎಷ್ಟು ಮೇಲಿದೆಯೆಂದು ಅಳೆಯುತ್ತಿದ್ದರು. ಅರಬ್ಬರು ಈ ಸಾಧನವನ್ನು ‘ಕಮಾಲ್’ ಎಂದು ಕರೆದರು. ಆ ಕೋನವೇ ಹೆಚ್ಚುಕಡಮೆ ಅಕ್ಷಾಂಶ. ಆದರೆ ಧ್ರುವನಕ್ಷತ್ರವು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದ್ದು ಅದನ್ನು ಸುತ್ತುತ್ತದೆ. ತಿದ್ದದೆ ಬಳಸಿದರೆ ೩೦ ಮೈಲಿಗೂ ಮೀರಿದ ತಪ್ಪಾದೀತು. ಕಿಲ್ತಾನಿಗೂ ಚೆಟ್ಲತಿಗೂ ಇರುವ ಅಕ್ಷಾಂಶದ ವ್ಯತ್ಯಾಸ ಬರೀ ೧೨ ಮಿನಿಟು. ಅವೆರಡನ್ನು ಬೇರ್ಪಡಿಸಲು ಸೆಕ್ಸ್‌ಟಂಟೂ ಪಂಚಾಂಗದ ತಿದ್ದುಪಡಿಯೂ ಬೇಕು.

ಹೊರಡುವ ಹೊತ್ತು

ಹವಳದ ದ್ವೀಪವನ್ನು ಕತ್ತಲೆಯಲ್ಲಿ ಸಮೀಪಿಸಬಾರದು. ಕಿಲ್ತಾನಿನ ನೆಲ ಪೂರ್ವಕ್ಕೂ, ಶಾಂತವಾದ ಲಗೂನು ಪಶ್ಚಿಮಕ್ಕೂ ಇದೆ. ನಾವು ಬರುವುದು ಪೂರ್ವದಿಂದ. ಆದುದರಿಂದ ದ್ವೀಪವನ್ನು ಸುತ್ತಿ ಪಶ್ಚಿಮಕ್ಕೆ ಹೋಗಿ, ದಿಬ್ಬಗಳ ನಡುವಣ ದಾರಿಯಿಂದ ಪೂರ್ವಾಭಿಮುಖವಾಗಿ ಒಳಹೊಗಬೇಕು. ಸೂರ್ಯ ಎತ್ತರದಲ್ಲಿದ್ದಾಗ ಅಥವಾ ಬೆನ್ನಿಗಿದ್ದಾಗ ಮಾತ್ರ ನೀರೊಳಗಿನ ಹವಳ ಕಾಣುತ್ತದೆ. ಕಣ್ಣಿಗೆದುರಾಗಿದ್ದರೆ ಬರಿಯ ಹೊಳಪು. ಹಾಗಾದರೆ ಒಳಹೊಗಲು ತಕ್ಕ ಹೊತ್ತು ನಡುಹಗಲಿನಿಂದ ಮೂರು ಗಂಟೆಯವರೆಗೆ.

ಈಗ ಹಿಂದಕ್ಕೆ ಎಣಿಸೋಣ. ಬೆಳಗ್ಗೆ ೧೦ ಗಂಟೆಗೆ ದ್ವೀಪದ ಬಳಿಯಿರಬೇಕಾದರೆ ಎರಡು ದಿನ ಮೊದಲಿನ ರಾತ್ರಿ ೧೦ ಗಂಟೆಗೆ ಹೊರಡಬೇಕು. ಜನವರಿಯಲ್ಲಿ ಅಲ್ಲಿ ಸೂರ್ಯೋದಯ ಸುಮಾರು ೭ ಗಂಟೆಗೆ. ಆಗ ಉಳಿದಿರುವ ದೂರ ಹನ್ನೊಂದು ಹನ್ನೆರಡು ಮೈಲಿ. ಎಲ್ಲವೂ ಸರಿಯಾಗಿದ್ದರೆ ಸೂರ್ಯನೊಡನೆಯೇ ತೆಂಗಿನ ತಲೆಗಳೂ ಕಾಣಿಸಿಕೊಳ್ಳುತ್ತವೆ. ರಾತ್ರಿ ಹೊರಡುವುದರಿಂದ ಇನ್ನೊಂದು ಪ್ರಯೋಜನವುಂಟು. ನೆಲ ಸಮುದ್ರಕ್ಕಿಂತ ಬೇಗ ತಣಿಯುವುದರಿಂದ ಇರುಳಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸಿ ದೋಣಿಯನ್ನು ಹೊರಕ್ಕೆ ಒಯ್ಯುತ್ತದೆ. ಆದರೆ ಅಳಿವೆಯ ಬಾಯಿಯನ್ನು ಹಗಲಲ್ಲಿಯೇ ದಾಟಿ ಹೊರಗೆ ಲಂಗರು ಹಾಕಿ ಕಾದಿರುವುದು ಕ್ಷೇಮ.

ಗಾಳಿ ಅನುಕೂಲವಾಗಿ ದೋಣಿ ೫ ನಾಟ್ ಓಡಿದರೆ? ಸಂತೋಷಪಡುವಂತಿಲ್ಲ. ಅದು ನಡುರಾತ್ರಿ ಕಳೆದು ಎರಡು ಗಂಟೆಗೇ ಹವಳದ ದಿಬ್ಬವನ್ನು ಮುಟ್ಟೀತು. ಲೆಕ್ಕದಲ್ಲಿ ೧೨ ಮೈಲಿ ಉಳಿದಿದ್ದು ಇನ್ನೂ ಕತ್ತಲೆಯಿದ್ದರೆ ಹಾಯಿ ಇಳಿಸಿ ಬೆಳಗಾಗುವವರೆಗೆ ಕಾಯತಕ್ಕದ್ದು. ತಡವಾದರೂ ಹಾಗೆಯೇ, ಸಂಜೆ ತಲುಪಿದವನು ಹೊರಗೇ ರಾತ್ರಿಯನ್ನು ಕಳೆಯಬೇಕು.

ಋತು ಮತ್ತು ಸಿದ್ಧತೆ

ಮುಂಗಾರಿನ ತಿಂಗಳುಗಳಲ್ಲಿ ಈ ಯಾನದ ಮಾತೇ ಇಲ್ಲ. ಹಿಂಗಾರಿನ ಆರಂಭವನ್ನೂ ನಂಬುವಂತಿಲ್ಲ. ೨೦೧೭ರ ನವೆಂಬರಿನ ಕೊನೆಯಲ್ಲಿ ಎದ್ದ ಓಖಿ ಚಂಡಮಾರುತ ಲಕ್ಷದ್ವೀಪದ ಮೇಲೆ ಹಾದುಹೋಯಿತು. ಕೇರಳ ತಮಿಳುನಾಡುಗಳ ನೂರಾರು ಮೀನುಗಾರರು ಮನೆಗೆ ಹಿಂದಿರುಗಲಿಲ್ಲ. ಅವರು ನಮ್ಮ ತರುಣರಿಗಿಂತ ಎಷ್ಟೋ ಪಾಲು ಕಡಲನ್ನು ಬಲ್ಲವರಾಗಿದ್ದರು. ಜನವರಿ, ಫೆಬ್ರವರಿ ತಿಂಗಳುಗಳೇ ಉತ್ತಮ. ಆಗಲೂ ಹವಾಮಾನ ಇಲಾಖೆಯ ಮುನ್ಸೂಚನೆ ನೋಡದೆ ಲಂಗರು ಎತ್ತಬಾರದು.

ಕುಡಿಯುವ ನೀರು ತಲೆಗೆ ದಿನಕ್ಕೆ ೩ ಲೀಟರು ಬೇಕು. ಪ್ರಯಾಣ ಎರಡು ದಿನದ್ದಾದರೂ ಆರು ದಿನಗಳಿಗಾಗುವಷ್ಟು, ಅಂದರೆ ಮೂವರಿಗೆ ೫೪ ಲೀಟರು, ಇಟ್ಟುಕೊಳ್ಳಬೇಕು. ಅದೂ ಒಂದೇ ಪಾತ್ರೆಯಲ್ಲಲ್ಲ. ತೇಲುವ ಕವಚ, ರೇಡಿಯೋ, ಅಪಾಯಸಂಕೇತದ ಉಪಕರಣ, ದ್ವೀಪದ ಪ್ರವೇಶಾನುಮತಿ ಇವು ಇರಲೇಬೇಕು; ಕರಾವಳಿ ರಕ್ಷಣಾ ಪಡೆಗೆ ಮೊದಲೇ ತಿಳಿಸಿರಬೇಕು. ಸರದಿಯಂತೆ ನಿದ್ರೆ ಮಾಡುವುದೂ ಸಿದ್ಧತೆಯ ಭಾಗವೇ. ನಿದ್ದೆಗೆಟ್ಟವನ ಕೂಡಿಸು-ಕಳೆ ಲೆಕ್ಕಗಳೂ ತಪ್ಪುತ್ತವೆ.

ಇಂದು ಉಪಗ್ರಹಗಳ ನೆರವಿನಿಂದ ಅಂಗೈಯಗಲದ ಯಂತ್ರವೊಂದು ಕೆಲವೇ ಮೀಟರುಗಳ ಅಂತರದಲ್ಲಿ ನಮ್ಮ ಸ್ಥಾನವನ್ನು ತಿಳಿಸುತ್ತದೆ. ಅದಿಲ್ಲದೆ ಹೋಗುವುದು ಮೂರ್ಖತನ. ಆದರೆ ಉಪ್ಪುನೀರು ಹೊಕ್ಕರೆ, ಬ್ಯಾಟರಿ ಮುಗಿದರೆ ಯಂತ್ರ ಮೌನವಾಗುತ್ತದೆ. ಗಂಟೆಗೊಮ್ಮೆ ದಿಕ್ಕು, ವೇಗ, ಸ್ಥಾನಗಳನ್ನು ಪುಸ್ತಕದಲ್ಲಿ ಬರೆದಿಟ್ಟವನಿಗೆ ಆಗಲೂ ದಾರಿ ತಿಳಿದಿರುತ್ತದೆ. ಬರೆಯದವನು ಆ ಕ್ಷಣದಿಂದ ಕಳೆದುಹೋದವನೇ. ನಾವು ಎಲ್ಲಿದ್ದೇವೆಂದು ತಿಳಿಯುವುದು ಜ್ಞಾನದ ಅರ್ಧ ಮಾತ್ರ. ಆ ತಿಳಿವು ಎಷ್ಟು ತಪ್ಪಿರಬಹುದೆಂದು ತಿಳಿಯುವುದು ಉಳಿದರ್ಧ. ಪ್ರಯೋಗಶಾಲೆಯಲ್ಲಿ ಇದನ್ನು ಮರೆತವನಿಗೆ ಅಂಕಗಳು ಹೋಗುತ್ತವೆ. ಕಡಲಿನಲ್ಲಿ ಮರೆತವನಿಗೆ ಪ್ರಾಣ.

ಕೊನೆಗೆ ವಾಚಕರಿಗೆ ಒಂದು ಲೆಕ್ಕ. ಅದೇ ದೋಣಿ, ಅದೇ ೪ ನಾಟ್ ವೇಗ, ಅದೇ ಪ್ರವಾಹ. ಕಿಲ್ತಾನಿನಿಂದ ಮಂಗಳೂರಿಗೆ ಹಿಂದಿರುಗಲು ಮೂತಿಯನ್ನು ಯಾವ ದಿಕ್ಕಿಗೆ ಹಿಡಿಯಬೇಕು? ಎಷ್ಟು ಗಂಟೆ ಬೇಕು? ಸದಿಶಗಳ ತ್ರಿಕೋನವನ್ನು ಎಳೆದು ನೋಡಿರಿ. ೫೯ ಡಿಗ್ರಿಯೂ ೩೩ ಗಂಟೆಯೂ ಬಂದರೆ ನಿಮ್ಮ ಉತ್ತರ ಸರಿ. ಆಮೇಲೆ ಅದರ ಕೆಳಗೆ, ಅದು ಎಷ್ಟು ತಪ್ಪಿರಬಹುದೆಂಬುದನ್ನೂ ಬರೆಯಿರಿ.