ಕಾಗುಣಿತದಲ್ಲಿ ಉಳಿದ ಗ್ರೀಕ್ ಗುರುತು

ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮವ್ವ, "ನಿಂದೊಂದು ಪೋಟೊ ತೆಗೆಸಿಕೊಂಡು ಬಾ, ಮಗ" ಎಂದಳು. "ಪೋಟೊ ಅಲ್ಲವ್ವ, ಫೋಟೊ" ಎಂದು ನಾನು ತಿದ್ದಿದೆ. ಅಕ್ಷರ ಕಲಿಯದ ಅವ್ವ ಮುಖ ಸಣ್ಣದು ಮಾಡಿಕೊಂಡು ಸುಮ್ಮನಾದಳು. ಮರಳಿ ಬಂದು ನಮ್ಮ ಕಾಲೇಜಿನ ಪುಸ್ತಕಾಲಯದಲ್ಲಿ ಇಂಗ್ಲಿಷ್ ಪದಗಳ ಮೂಲವನ್ನು ತಿಳಿಸುವ ನಿಘಂಟನ್ನು ತಿರುವಿದಾಗ, ತಿದ್ದಿದ ನನ್ನ ಮಾತೂ ಪೂರ್ತಿ ಸರಿಯಲ್ಲವೆಂದು ತಿಳಿಯಿತು. ಆ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಇಂಗ್ಲಿಷಿನಲ್ಲಿ ಎಫ್ ಎಂಬ ಅಕ್ಷರವಿದ್ದೂ ಫೋಟೊ, ಫಿಲಾಸಫಿ, ಫಿಸಿಕ್ಸ್ ಮುಂತಾದ ಪದಗಳನ್ನು ಪಿ ಮತ್ತು ಎಚ್ ಕೂಡಿಸಿ ಬರೆಯುವುದೇಕೆ? ಇವೆಲ್ಲ ಗ್ರೀಕ್ ಮೂಲದವು. ಅಲ್ಲಿ ಇವುಗಳಿಗೆ 'ಫೀ' ಎಂಬ ಒಂದೇ ಅಕ್ಷರ. ಪ್ರಾಚೀನ ಅಥೆನ್ಸಿನಲ್ಲಿ ಅದರ ಉಚ್ಚಾರಣೆ ಹಲ್ಲಿಗೆ ತುಟಿ ತಾಗಿಸಿ ನುಡಿಯುವ ಎಫ್ ಆಗಿರಲಿಲ್ಲ. ನಮ್ಮ 'ಫಲ' ಶಬ್ದದ ಮೊದಲಿನ ಮಹಾಪ್ರಾಣದಂತಿತ್ತು. ಲ್ಯಾಟಿನ್ ಭಾಷೆಯಲ್ಲಿ ಅಂಥ ಮಹಾಪ್ರಾಣಗಳಿಗೆ ಅಕ್ಷರಗಳಿರಲಿಲ್ಲ. ಆದುದರಿಂದ ರೋಮನರು ಪಿ ಅಕ್ಷರದ ಮಗ್ಗುಲಲ್ಲಿ ಉಸಿರಿನ ಗುರುತಾಗಿ ಎಚ್ ಇಟ್ಟರು. ಹಾಗೆಯೇ 'ಥೀಟಾ'ಕ್ಕೆ ಟಿ-ಎಚ್, 'ಖೀ'ಗೆ ಸಿ-ಎಚ್. ಕಾಲಾಂತರದಲ್ಲಿ ಗ್ರೀಕರ ನಾಲಿಗೆಯಲ್ಲಿಯೇ ಆ ಧ್ವನಿ ಎಫ್ ಆಯಿತು. ಬರಹ ಮಾತ್ರ ಹಳೆಯದೇ ಉಳಿಯಿತು.

ಇಂಥ ಗುರುತುಗಳು ಇನ್ನೂ ಉಂಟು. ಕೋರಸ್, ಕ್ಯಾರೆಕ್ಟರ್ ಪದಗಳಲ್ಲಿ 'ಕ' ಎಂದು ಕೇಳಿಬರುವ ಸಿ-ಎಚ್, ರಿದಮ್ ಪದದ ಮೊದಲಲ್ಲಿರುವ ಆರ್-ಎಚ್, ಸೈಕಾಲಜಿಯ ಮೊದಲಿನ ಮೂಕ ಪಿ, ಇವೆಲ್ಲ ಗ್ರೀಕ್ ಮುದ್ರೆಗಳೇ. ಆ ಪಿ ಗ್ರೀಕರಲ್ಲಿ ಮೂಕವಾಗಿರಲಿಲ್ಲ. ಉಸಿರು, ಜೀವ ಎಂಬ ಅರ್ಥದ 'ಪ್ಸೂಖೆ' ಪದದಲ್ಲಿ ಅದು ಸ್ಪಷ್ಟವಾಗಿ ಕೇಳುತ್ತಿತ್ತು.

ಆದರೆ ಎಲ್ಲ ಗ್ರೀಕ್ ಪದಗಳೂ ಈ ಮುದ್ರೆಯನ್ನು ಹೊತ್ತು ಬರಲಿಲ್ಲ. ನಮ್ಮಲ್ಲಿ 'ವರ್ಣ' ತತ್ಸಮ, 'ಬಣ್ಣ' ತದ್ಭವ ಎನ್ನುವಂತೆ ಅಲ್ಲಿಯೂ ಎರಡು ದಾರಿಗಳಿವೆ. ಪಂಡಿತರ ಲೇಖನಿಯಿಂದ ಬಂದ ಪದಗಳು ಮೂಲದ ಅಕ್ಷರಗಳನ್ನು ಉಳಿಸಿಕೊಂಡವು; ಜನರ ಕಿವಿಯಿಂದ ಬಂದವು ರೂಪ ಬದಲಿಸಿದವು. 'ಎಪಿಸ್ಕೊಪೊಸ್' ಎಂಬುದು ಸವೆದು 'ಬಿಷಪ್' ಆಯಿತು. ಗ್ರೀಕಿನ 'ಪೊರ್ಫುರ' ಹಳೆಯ ರೋಮನರ ಬಾಯಲ್ಲಿ 'ಪುರ್ಪುರ' ಆಗಿ, ಇಂಗ್ಲಿಷಿನಲ್ಲಿ 'ಪರ್ಪಲ್' ಆಗಿದೆ. ಫ ಧ್ವನಿ ಇಲ್ಲಿ ಪ ಆದುದನ್ನು ಗಮನಿಸಬೇಕು. ನಮ್ಮವ್ವ 'ಪೋಟೊ' ಎನ್ನುವಾಗ ಮಾಡುವುದೂ ಇದನ್ನೇ ಅಲ್ಲವೆ?

ಕಾಗುಣಿತ ಕೆಲವೊಮ್ಮೆ ಸುಳ್ಳು ಸಾಕ್ಷಿಯನ್ನೂ ಹೇಳುತ್ತದೆ. 'ಆಥರ್' ಪದದಲ್ಲಿ ಟಿ-ಎಚ್ ಇದೆಯೆಂದು ಅದನ್ನು ಗ್ರೀಕ್ ಎನ್ನಲಾಗದು. ಅದು ಲ್ಯಾಟಿನ್ನಿನ 'ಔಕ್ಟೋರ್'. ವಿದ್ವತ್ತಿನ ಮೋಹದಿಂದ ಯಾರೋ ಸೇರಿಸಿದ ಎಚ್ ಕೊನೆಗೆ ಉಚ್ಚಾರಣೆಯನ್ನೇ ಬದಲಾಯಿಸಿತು. ಹಡಗಿನ ಲಂಗರಿಗೆ ಹೇಳುವ 'ಆಂಕರ್' ನಿಜವಾಗಿ ಗ್ರೀಕ್ ಮೂಲದ್ದೇ; ಆದರೆ ಮೂಲದಲ್ಲಿ ಅಲ್ಪಪ್ರಾಣವಿದ್ದುದರಿಂದ ಅದರ ಎಚ್ ಕೂಡ ಅನಗತ್ಯವಾದುದು.

ಗ್ರೀಕ್ ಪದಗಳು ನಮ್ಮ ಕಡೆಗೂ ಬಂದಿವೆ. ಕೈವಾರದ ಮೊನೆಯನ್ನು ಗ್ರೀಕರು 'ಕೆಂಟ್ರೊನ್' ಎಂದರು. ಅದು ಜ್ಯೋತಿಷ ಶಾಸ್ತ್ರದ ಮೂಲಕ ಸಂಸ್ಕೃತಕ್ಕೆ ಬಂದು 'ಕೇಂದ್ರ' ಆಯಿತು. ಇಂಗ್ಲಿಷಿನ 'ಸೆಂಟರ್' ಅದರ ಒಡಹುಟ್ಟು. ನಮ್ಮ ಲಿಪಿ ಕಿವಿಗೆ ಕೇಳಿದುದನ್ನು ಬರೆಯುವುದಾದ್ದರಿಂದ 'ಕೇಂದ್ರ'ದ ಮೇಲೆ ಯಾವ ಗ್ರೀಕ್ ಗುರುತೂ ಉಳಿದಿಲ್ಲ. ಇಟಲಿಯವರೂ 'ಫಿಲೊಸೊಫಿಯ'ವನ್ನು ಎಫ್ ಹಾಕಿಯೇ ಬರೆಯುತ್ತಾರೆ. ಅವರ ಮಕ್ಕಳಿಗೆ ಶ್ರಮ ಕಡಿಮೆ; ಇಂಗ್ಲಿಷ್ ಕಲಿಯುವ ನಮಗೆ ಶ್ರಮ ಹೆಚ್ಚು, ಆದರೆ ಪದದ ವಂಶಾವಳಿ ಅದರ ಮೈಮೇಲೆಯೇ ಬರೆದಿರುತ್ತದೆ.

ಹೈಸ್ಕೂಲಿನಲ್ಲಿ ಫಿಸಿಕ್ಸ್ ಪದವನ್ನು ಎಫ್‌ನಿಂದ ಬರೆದು ತರಗತಿಯ ನಗೆಗೆ ಗುರಿಯಾದವನು ನಾನು. ಆ ನಗೆಯನ್ನೇ ಹೊತ್ತುಕೊಂಡು ಹೋಗಿ ಅವ್ವನನ್ನು ತಿದ್ದಿದೆನೆಂದು ಈಗ ನಾಚಿಕೆಯಾಗುತ್ತದೆ. ಅವಳದು ಅಲ್ಪಪ್ರಾಣ, ನನ್ನದು ಎಫ್. ಅಥೆನ್ಸಿನವನು ಕೇಳಿದ್ದರೆ ಇಬ್ಬರನ್ನೂ ತಿದ್ದುತ್ತಿದ್ದ. ಕಾಗುಣಿತವನ್ನು ತಪ್ಪಿಲ್ಲದೆ ಕಲಿಯೋಣ, ಅದು ಪದದ ಚರಿತ್ರೆ. ಆದರೆ ಅದನ್ನು ಮನುಷ್ಯರನ್ನು ಅಳೆಯುವ ಕೋಲು ಮಾಡಿಕೊಳ್ಳದಿರೋಣ. ಕಳೆದ ತಿಂಗಳು ಊರಿಗೆ ಹೋದಾಗ, "ತಗೋ ಅವ್ವ, ನನ್ನ ಪೋಟೊ" ಎಂದೇ ಕೊಟ್ಟೆ.