ಇಬ್ಬರ ಮೇಲಿನ ದಾವೆ

ಮಾನಹಾನಿಗೊಳಗಾದವನು ನ್ಯಾಯಾಲಯದಲ್ಲಿ ಪರಿಹಾರ ಕೋರುವುದು ಯುಕ್ತವೇ. ಆದರೆ ಟೀಕಿಸಿದವರ ಬಾಯಿ ಮುಚ್ಚಿಸುವುದಕ್ಕಾಗಿಯೇ ಧನಬಲವುಳ್ಳವರು ದಾವೆ ಹೂಡಿದರೆ, ನ್ಯಾಯದ ಆಶ್ರಯವೇ ಭಯದ ಸಾಧನವಾಗುತ್ತದೆ. ಅಸಮಬಲರ ನಡುವಿನ ದಾವೆಯ ಭಾರ ಎಷ್ಟೆಂಬುದನ್ನು ಇಂಗ್ಲೆಂಡಿನ ಒಂದು ಪ್ರಕರಣದಿಂದ ಅರಿಯಬಹುದು.

ಮೆಕ್‌ಡೊನಾಲ್ಡ್ಸ್ ಎಂಬ ಆಹಾರ ಸಂಸ್ಥೆಯನ್ನು ಟೀಕಿಸುವ ಕರಪತ್ರವೊಂದನ್ನು ಲಂಡನ್ನಿನ ಸಣ್ಣ ಗುಂಪೊಂದು ಹಂಚುತ್ತಿತ್ತು. 1990ರಲ್ಲಿ ಸಂಸ್ಥೆಯು ಐವರ ಮೇಲೆ ಮಾನನಷ್ಟ ದಾವೆ ಹೂಡಿತು. ಮೂವರು ಕ್ಷಮೆ ಕೋರಿದರು. ಹೆಲೆನ್ ಸ್ಟೀಲ್ ಮತ್ತು ಡೇವ್ ಮಾರಿಸ್ ಮಾತ್ರ ಮಣಿಯಲಿಲ್ಲ. ಅಂದಿನ ಕಾನೂನಿನಂತೆ ಇಂತಹ ದಾವೆಗೆ ಸರಕಾರದ ಕಾನೂನು ನೆರವು ದೊರೆಯುತ್ತಿರಲಿಲ್ಲ. ಹೇಳಿದ್ದು ನಿಜವೆಂದು ಸಾಧಿಸುವ ಹೊಣೆಯೂ ಪ್ರತಿವಾದಿಗಳದೇ ಆಗಿತ್ತು. ವಕೀಲರನ್ನು ನೇಮಿಸಲು ಹಣವಿಲ್ಲದೆ ಇಬ್ಬರೂ ಬಹುಮಟ್ಟಿಗೆ ತಾವೇ ವಾದಿಸಿದರು. ವಿಚಾರಣೆಯು 313 ದಿನ ನಡೆಯಿತು.

1997ರಲ್ಲಿ ತೀರ್ಪು ಹೊರಬಿದ್ದಿತು. ಸಂಸ್ಥೆಯು ಜಾಹೀರಾತುಗಳ ಮೂಲಕ ಮಕ್ಕಳನ್ನು ದುರುಪಯೋಗಪಡಿಸಿಕೊಳ್ಳುತ್ತದೆ ಎಂಬುದೇ ಮೊದಲಾದ ಕೆಲವು ಆರೋಪಗಳು ನಿಜವೆಂದು ಸಿದ್ಧವಾದವು; ಉಳಿದವು ಸಿದ್ಧವಾಗಲಿಲ್ಲ. ಅವುಗಳಿಗಾಗಿ ವಿಧಿಸಿದ 60,000 ಪೌಂಡ್ ಪರಿಹಾರವು 1999ರ ಮೇಲ್ಮನವಿಯಲ್ಲಿ 40,000ಕ್ಕೆ ಇಳಿಯಿತು. ಸಂಸ್ಥೆಯು ಅದನ್ನು ವಸೂಲು ಮಾಡಲಿಲ್ಲ. ಕಾನೂನು ನೆರವನ್ನು ನಿರಾಕರಿಸಿದ ಬ್ರಿಟನ್ ದೇಶವು ಅವರ ನ್ಯಾಯಯುತ ವಿಚಾರಣೆಯ ಹಕ್ಕನ್ನೂ ವಾಕ್‌ಸ್ವಾತಂತ್ರ್ಯವನ್ನೂ ಉಲ್ಲಂಘಿಸಿತೆಂದು 2005ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಸಾರಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ಇಬ್ಬರ ಮಾತುಗಳೆಲ್ಲವೂ ಸಿದ್ಧವಾಗಲಿಲ್ಲ. ಆದರೂ ಅವರು ನಿಂತು ವಾದಿಸಿದ್ದರಿಂದ ಯಾವುದು ಸತ್ಯ, ಯಾವುದು ಅಲ್ಲ ಎಂಬುದರ ಪರಿಶೀಲನೆ ನಡೆಯಿತು. ವೆಚ್ಚಕ್ಕೆ ಅಂಜಿ ಮೌನವಾದವನ ಮಾತು ನಿಜವೋ ಸುಳ್ಳೋ ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ಆ ನಷ್ಟವನ್ನು ಸಮಾಜವೇ ಹೊರಬೇಕಾಗುತ್ತದೆ.